ರಕ್ತದ ಮೂಲಕೋಶಗಳಿಗೂ ಎಚ್‌ಐವಿ ತಗುಲುತ್ತದೆಯೇ?

ಪ್ರಶ್ನೆ: ನನ್ನ ಅಣ್ಣ ಮೂರು ವರ್ಷಗಳಿಂದ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ) ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪತ್ತೆಯಾಗದಷ್ಟು ಇಳಿದಿದ್ದರೂ ಹಿಮೋಗ್ಲೋಬಿನ್ 9 ದಾಟುತ್ತಿಲ್ಲ. ಭಾರತದಲ್ಲಿ ಹೆಚ್ಚಾಗಿರುವ ‘ಸಿ’ ಉಪವಿಧದ ವೈರಸ್ ರಕ್ತ ಹುಟ್ಟುವ ಕೋಶಗಳಿಗೇ ಸೋಂಕು ತಗುಲಿಸುತ್ತದೆ ಎಂದು ಓದಿದೆ. ಕಾರಣ ಅದೇ ಇರಬಹುದೇ?

ಉತ್ತರ: ನೀವು ಓದಿದ್ದು ಆಧಾರವಿಲ್ಲದ ಮಾತಲ್ಲ, ಆದರೆ ನಿಮ್ಮ ಅಣ್ಣನವರ ರಕ್ತಹೀನತೆಯನ್ನು ಅದರ ತಲೆಗೆ ಕಟ್ಟಲು ಅಷ್ಟು ಸಾಲದು.

ಮೂಳೆಯ ಮಜ್ಜೆಯಲ್ಲಿ ಸಿಡಿ34 ಎಂಬ ಗುರುತುಳ್ಳ ಕೋಶಗಳಿದ್ದು, ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲವೂ ಅವುಗಳಿಂದಲೇ ಬೆಳೆಯುತ್ತವೆ. ಇವನ್ನು ಅಂಟಾದ ಮಾಧ್ಯಮದಲ್ಲಿ ಸುಮಾರು 14 ದಿನ ಬೆಳೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಂಪು ಕಣಗಳಾಗಬೇಕಾದವು ಇಟ್ಟಿಗೆ ಬಣ್ಣದ ಪುಟ್ಟ ಗೊಂಚಲುಗಳಾಗಿ ಕಾಣುತ್ತವೆ. ಸೋಂಕಿನಿಂದ ಮಜ್ಜೆಯ ಶಕ್ತಿ ಕುಗ್ಗಿದೆಯೇ ಎಂಬುದನ್ನು ಆ ಗೊಂಚಲುಗಳನ್ನು ಎಣಿಸಿಯೇ ಅಳೆಯುತ್ತಾರೆ. ಬೋಟ್ಸ್‌ವಾನಾದ ‘ಸಿ’ ಉಪವಿಧದ ವೈರಸ್ಸುಗಳು ಈ ಕೋಶಗಳಿಗೆ ಸೋಂಕು ತಗುಲಿಸಬಲ್ಲವು, ಅಮೆರಿಕ ಮತ್ತು ಪಶ್ಚಿಮ ಯೂರೋಪಿನಲ್ಲಿ ಹೆಚ್ಚಾಗಿರುವ ‘ಬಿ’ ಉಪವಿಧಕ್ಕೆ ಅದು ಅಷ್ಟಾಗಿ ಸಾಧ್ಯವಿಲ್ಲ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಬೋಟ್ಸ್‌ವಾನಾದ ಕೆಲವು ರೋಗಿಗಳ ಮಜ್ಜೆಯಲ್ಲೂ ಅಂಥ ಸೋಂಕು ಕಂಡಿತ್ತು.

ಇದರಲ್ಲೊಂದು ಒಗಟಿದೆ. ಕೋಶದೊಳಗೆ ಹೋಗಲು ವೈರಸ್ಸಿಗೆ ಕೋಶದ ಹೊರಮೈಯಲ್ಲಿರುವ ಸಿಡಿ4 ಎಂಬ ಗ್ರಾಹಕದ (ವೈರಸ್ ಅಂಟಿಕೊಳ್ಳುವ ಪ್ರೋಟೀನ್) ಜೊತೆಗೆ ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4 ಎಂಬ ಇನ್ನೊಂದು ಗ್ರಾಹಕವೂ ಬೇಕು. ‘ಸಿ’ ಉಪವಿಧ ಬಹುಪಾಲು ಸಿಸಿಆರ್5 ಅನ್ನೇ ನೆಚ್ಚಿಕೊಂಡಿದೆ. ಅತ್ಯಂತ ಎಳೆಯ ಮೂಲಕೋಶಗಳನ್ನು ಸುಲಭವಾಗಿ ಹೊಗುವುದು ಸಿಎಕ್ಸ್‌ಸಿಆರ್4 ಬಳಸುವ ವೈರಸ್ಸುಗಳು. ಹಾಗಾಗಿ ‘ಸಿ’ ಮುಟ್ಟುವುದು ಮೂಲಕೋಶಕ್ಕಿಂತ ಒಂದೆರಡು ಹಂತ ಮುಂದೆ ಬಲಿತ ಕೋಶಗಳನ್ನು ಎಂಬುದು ನನಗೆ ಹೆಚ್ಚು ಸರಿಯೆನಿಸುವ ವಿವರಣೆ.

ಔಷಧ ಸೇವಿಸುವವರಲ್ಲೂ ವೈರಸ್ ಮಜ್ಜೆಯ ಈ ಕೋಶಗಳಲ್ಲಿ ಅಡಗಿ ಕೂರುತ್ತದೆಯೇ? 2010ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡ ಹೌದೆಂದಿತು. 2012ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ತಂಡ ಹುಡುಕಿದಾಗ ಸಿಗಲಿಲ್ಲ.

ಸೋಂಕು ತಗುಲದ ಮೂಲಕೋಶಗಳೂ ದೀರ್ಘಕಾಲದ ಉರಿಯೂತದಿಂದ ಸೊರಗುವುದುಂಟು. ಆದರೆ ವೈರಲ್ ಲೋಡ್ ಹತೋಟಿಯಲ್ಲಿರುವಾಗ ಮೊದಲು ನೋಡಬೇಕಾದದ್ದು ಬೇರೆ. ಮಾತ್ರೆಗಳಲ್ಲಿ ಜಿಡೋವುಡಿನ್ ಎಂಬ ಔಷಧ ಇದೆಯೇ ಎಂದು ಎಆರ್‌ಟಿ ಕೇಂದ್ರದ ವೈದ್ಯರನ್ನು ಕೇಳಿ. ಅದು ಮಜ್ಜೆಯನ್ನು ಕುಗ್ಗಿಸುತ್ತದೆ, ರಕ್ತಪರೀಕ್ಷೆಯ ವರದಿಯಲ್ಲಿ ಎಂಸಿವಿ (ಕೆಂಪು ಕಣಗಳ ಸರಾಸರಿ ಗಾತ್ರ) ಏರಿರುವುದು ಅದರ ಸುಳಿವಾಗಬಹುದು. ಎಂಸಿವಿ ಕಡಿಮೆಯಿದ್ದರೆ ಕಬ್ಬಿಣದ ಕೊರತೆಯನ್ನೂ, ಜ್ವರ ಇಲ್ಲವೇ ತೂಕ ಇಳಿಕೆ ಇದ್ದರೆ ಕ್ಷಯವನ್ನೂ ಪರೀಕ್ಷಿಸಬೇಕು. ಇವೆಲ್ಲ ಮುಗಿಯುವವರೆಗೆ ಅವರು ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬಾರದು.