ಮೀಟಿಂಗ್ ಇದೆ ಅಂತ ಬಾಗಿಲಾಚೆ ಇಟ್ಟ ಚಾ

ಕೆಲಸ ಹೋಗಿರುತ್ತೆ, ಮನೆಯವರಿಗೆ ಗೊತ್ತಿರೋದಿಲ್ಲ. ನಾನು ಆಪ್ತ ಸಲಹೆಗಾರ್ತಿ, ಎರಡು ವರ್ಷದಲ್ಲಿ ಇಂಥವರು ಐದಾರು ಜನ ನನ್ನ ಮುಂದೆ ಬಂದು ಕೂತಿದ್ದಾರೆ. ಅದಕ್ಕೇ ಒಬ್ಬರದ್ದು ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ.

34 ವರ್ಷ, ಬಿ.ಕಾಂ. ಬೆಂಗಳೂರಿನ ಕಂಪನಿಯೊಂದರಲ್ಲಿ ಒಂಬತ್ತು ವರ್ಷ ಅಕೌಂಟ್ಸ್ ನೋಡಿಕೊಂಡವರು. 2025ರ ಜೂನ್‌ನಲ್ಲಿ ಕೆಲಸ ಹೋಯಿತು. ಎರಡು ತಿಂಗಳು ಪಿಜಿಯಲ್ಲೇ ಇದ್ದು ನೋಡಿದರು, ಆಮೇಲೆ ದಾವಣಗೆರೆಗೆ ಬಂದು 'ವರ್ಕ್ ಫ್ರಂ ಹೋಮ್ ಕೊಟ್ಟಿದ್ದಾರೆ' ಅಂತ ತಾಯಿಗೆ ಹೇಳಿದರು. ನನ್ನ ಹತ್ತಿರ ಬಂದಿದ್ದು ಜನವರಿಯಲ್ಲಿ, ನಿದ್ದೆ ಬರ್ತಿಲ್ಲ ಅಂತ. ಬದುಕೇ ಬೇಡ ಅನ್ನಿಸುತ್ತಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಹೋಗುತ್ತೆ ಅನ್ನೋದು ತಪ್ಪು, ಕೇಳಲೇಬೇಕು. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಎರಡು ಭೇಟಿ ಬರೀ ಅರ್ಜಿಗಳ ಲೆಕ್ಕದಲ್ಲೇ ಹೋಯಿತು. ದಿನಕ್ಕೆ ನಲವತ್ತು ಕಡೆ ಅರ್ಜಿ ಹಾಕ್ತೀನಿ, ಉತ್ತರ ಬರಲ್ಲ ಅಂತಿದ್ದರು. ಮೂರನೇ ಸಲ ಅರ್ಜಿಯ ಮಾತೇ ಬೇಡ ಅಂದೆ. ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದ್ರಿ, ಗಂಟೆ ಗಂಟೆಯಾಗಿ ಹೇಳಿ ಅಂದೆ.

ಒಂಬತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಮಹಡಿ ಕೋಣೆಗೆ ಹೋಗೋದು. ಬಾಗಿಲು ಹಾಕೋದು. ಹೆಡ್‌ಫೋನ್ ಹಾಕ್ಕೊಂಡು ಆಗಾಗ ಇಂಗ್ಲಿಷ್‌ನಲ್ಲಿ ಸ್ವಲ್ಪ ಜೋರಾಗಿ ಮಾತಾಡೋದು, ಆ ಕಡೆ ಯಾರೂ ಇರಲ್ಲ. ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

"ಹನ್ನೊಂದಕ್ಕೆ ಅವ್ವ ಮೆಟ್ಟಿಲು ಹತ್ತಿ ಬರ್ತಾಳೆ ಮೇಡಂ, ಮಂಡಿನೋವು ಅವಳಿಗೆ. ಬಾಗಿಲು ಬಡಿಯಲ್ಲ. ಮೀಟಿಂಗ್ ಇರುತ್ತೆ ಅಂತ ಚಾ ಲೋಟ ಹೊಸ್ತಿಲ ಹತ್ರ ಇಟ್ಟು, ಮೇಲೊಂದು ತಟ್ಟೆ ಮುಚ್ಚಿ, ಸಪ್ಪಳ ಮಾಡದೆ ಇಳಿದು ಹೋಗ್ತಾಳೆ. ನಾನು ಒಳಗೆ ಕೇಳಿಸ್ಕೊಂಡು ಕೂತಿರ್ತೀನಿ. ಪೂರ್ತಿ ತಣ್ಣಗಾದ ಮೇಲೆ ತಗೋತೀನಿ. ಬೇಗ ತಗೊಂಡ್ರೆ ಮೀಟಿಂಗ್ ಇಲ್ಲ ಅಂತ ಗೊತ್ತಾಗುತ್ತಲ್ವಾ."

ಒಂದನೇ ತಾರೀಖು ತಾಯಿಯ ಕೈಗೆ 15,000 ರೂಪಾಯಿ, ಸಂಬಳ ಅಂತ. ಅದು ಉಳಿತಾಯದ ದುಡ್ಡು, ಕೊನೆಯ ಎರಡು ತಿಂಗಳದ್ದು ಕ್ರೆಡಿಟ್ ಕಾರ್ಡಿನದ್ದು.

ನಾನು ಹೇಳಿದೆ: "ಒಂಬತ್ತರಿಂದ ಆರರವರೆಗೆ ಈ ನಾಟಕಕ್ಕೇ ನಿಮ್ಮ ಕಸುವೆಲ್ಲ ಹೋಗ್ತಿದೆ. ಕೆಲಸ ಹುಡುಕೋಕೆ ಏನು ಉಳೀತು? ಈ ವಾರ ಒಂದೂ ಅರ್ಜಿ ಹಾಕಬೇಡಿ. ತಾಯಿಗೆ ಹೇಳಿ. ಆಮೇಲೆ ನಿಮ್ಮ ಕೆಲಸ ಗೊತ್ತಿರುವ ಐದು ಜನಕ್ಕೆ ಹೇಳಿ."

ಇಂಥದ್ದೇ ಮಾಡಿ ಅಂತ ಸಲಹೆಗಾರರು ಹೇಳಬಾರದು, ಅವರಾಗಿಯೇ ತೀರ್ಮಾನಕ್ಕೆ ಬರಬೇಕು ಅಂತ ನಮಗೆ ಕಲಿಸುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಇದೇ ಮಾತು ಹೇಳಿ ಬೇಜಾರು ಮಾಡಿಕೊಂಡರು. ಅವರ ಮಾತಲ್ಲಿ ನ್ಯಾಯ ಇದೆ. ಹೊಡೆತ ಬಡಿತ ಇರುವ ಮನೆಯಾಗಿದ್ದರೆ ನಾನೂ ಹೀಗೆ ಹೇಳುತ್ತಿರಲಿಲ್ಲ. ಆದರೆ ಇಲ್ಲಿ ಕಾರ್ಡಿನ ಸಾಲ ಶುರುವಾಗಿತ್ತು. ಇನ್ನು ಮೂರು ತಿಂಗಳಲ್ಲಿ ವಸೂಲಿಯವರ ಫೋನಿನಿಂದ ಆ ತಾಯಿಗೆ ವಿಷಯ ತಿಳಿಯೋದಕ್ಕಿಂತ ಮಗನ ಬಾಯಿಂದ ತಿಳಿಯಲಿ ಅಂತ ನನಗೆ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತೆ. ಇನ್ನೊಂದು ಕಾರಣವೂ ಇದೆ. ಅಕೌಂಟ್ಸ್‌ನಂಥ ಕೆಲಸದಲ್ಲಿ 'ನನಗೆ ಗೊತ್ತಿರೋ ಹುಡುಗ' ಅಂತ ಒಬ್ಬರು ಹೇಳಿದರೆ ಬಾಗಿಲು ಬೇಗ ತೆಗೆಯುತ್ತೆ. ನೀವು ಖಾಲಿ ಇದ್ದೀರಿ ಅಂತಲೇ ಗೊತ್ತಿಲ್ಲದಿದ್ದರೆ ಯಾರು ಹೇಳಬೇಕು?

ಹೇಳಿದರು. ತಾಯಿ ಎರಡು ದಿನ ಮಾತು ಬಿಟ್ಟರು. ಆ ಎರಡು ದಿನ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ, ಅವಸರ ಮಾಡಿದೆನಾ ಅಂತ. ಮೂರನೇ ದಿನ ತಾಯಿ ಹೇಳಿದ್ದನ್ನು ಅವರು ನನಗೆ ಫೋನಿನಲ್ಲಿ ಹೇಳಿದರು: "ನಿಮ್ಮಪ್ಪನ ಮಿಲ್ ಮುಚ್ಚಿದಾಗ ಓಣಿಗೆ ಓಣಿನೇ ಮನ್ಯಾಗ ಕೂತಿತ್ತು. ಯಾರಿಗೆ ಯಾರು ನಾಚ್ಕೋಬೇಕಿತ್ತು? ನೀನ್ಯಾಕೆ ಒಬ್ನೇ ಕೂತಿ?"

ಈ ಮಾತು ನನ್ನನ್ನು ಬಿಟ್ಟಿಲ್ಲ. ಬಟ್ಟೆ ಮಿಲ್‌ಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ದಾವಣಗೆರೆ. ಕಾಟನ್ ಮಿಲ್‌ಗಳು ಒಂದೊಂದಾಗಿ ಮುಚ್ಚಿದಾಗ ಕಷ್ಟ ಕಡಿಮೆ ಏನಿರಲಿಲ್ಲ. ಆದರೆ ಎಲ್ಲರಿಗೂ ಗೊತ್ತಿತ್ತು. ಈಗ ಒಬ್ಬೊಬ್ಬರಿಗೇ ಒಂದು ಮೇಲ್ ಬರುತ್ತೆ, ಅವರು ಅದನ್ನು ಒಬ್ಬರೇ ನುಂಗಿಕೊಂಡು ಕೂರುತ್ತಾರೆ.

ಇನ್ನು ಕೆಲಸದ ವಿಷಯ. ಅಲ್ಲಿವರೆಗೆ ಆಗಿದ್ದ ಒಂದೇ ಸಂದರ್ಶನದಲ್ಲಿ ಒಂದು ಪ್ರಶ್ನೆ ಬಂದಿತ್ತು. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತಲ್ಲ, ಅದಕ್ಕೂ ಮುಂಚೆ ಮಾರಿದ ಸರಕು ಆಮೇಲೆ ವಾಪಸ್ ಬಂದರೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಕಡಿಮೆ ಮಾಡಿ ಕೊಡುವ ಚೀಟಿ) ಯಾವ ದರದಲ್ಲಿ ಹಾಕ್ತೀರಿ? ಉತ್ತರ ಹಳೇ ದರ. ಒಂಬತ್ತು ವರ್ಷ ಇದೇ ಮಾಡಿದವರು ತಡವರಿಸಿದರು, ಯಾಕೆಂದರೆ ದರ ಬದಲಾದಾಗ ಅವರ ಕೈಯಲ್ಲಿ ಒಂದು ಬಿಲ್ಲೂ ಇರಲಿಲ್ಲ. ಪೇಪರ್‌ನಲ್ಲಿ ಓದಿದ್ದರು ಅಷ್ಟೇ. ಕೈ ಬಿಟ್ಟ ಕೆಲಸ ಹೀಗೇ ಮರೆಯುತ್ತೆ.

ಹಾಗಾಗಿ ನನ್ನ ಎರಡನೇ ಸಲಹೆ: ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಅರ್ಧ ದಿನ ಕೂರಿ. ತಿಂಗಳ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕದ 3ಬಿ ರಿಟರ್ನ್, ಆ ದಿನಗಳು ಹತ್ತಿರ ಬಂದಾಗ ಅಲ್ಲಿ ಕೈ ಸಾಲೋದಿಲ್ಲ. ಆದರೆ ಬಿಟ್ಟಿ ಮಾಡಬೇಡಿ, ಎಷ್ಟೇ ಆಗಲಿ ದುಡ್ಡು ಮಾತಾಡಿಕೊಂಡೇ ಕೂರಿ. 'ಅನುಭವಕ್ಕೆ ಮಾಡು' ಅಂತ ಪುಕ್ಕಟೆ ದುಡಿಸಿಕೊಳ್ಳೋದನ್ನು ನಾನು ಒಪ್ಪಲ್ಲ, ಅದು ಇರುವ ಧೈರ್ಯವನ್ನೂ ತಿನ್ನುತ್ತೆ. ಅರ್ಜಿ ವಾರಕ್ಕೆ ನಾಲ್ಕು ಸಾಕು, ಒಂದೊಂದನ್ನೂ ಆ ಕಂಪನಿ ಏನು ಮಾಡುತ್ತೆ ಅಂತ ನೋಡಿ ಬರೆಯಿರಿ.

ಮನೇಲೇ ಕೂತು ಆನ್‌ಲೈನ್ ಕೋರ್ಸ್ ಮಾಡಬಹುದಲ್ಲ, ಟೈಮ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಆಸ್ಟ್ರಿಯಾದಲ್ಲಿ ಮರಿಯೆಂಥಾಲ್ ಅಂತ ಒಂದು ಊರು, ಅಲ್ಲೂ ಬಟ್ಟೆ ಮಿಲ್ಲೇ ಮುಚ್ಚಿದ್ದು. 1930ರ ದಶಕದ ಶುರುವಿನಲ್ಲಿ ಸಂಶೋಧಕರು ಹೋಗಿ ನೋಡಿದರೆ, ಕೆಲಸವಿಲ್ಲದ ಜನ ಲೈಬ್ರರಿಯಿಂದ ಪುಸ್ತಕ ತಗೊಳ್ಳೋದು ಮೊದಲಿಗಿಂತ ಕಡಿಮೆಯಾಗಿತ್ತು. ಟೈಮ್ ಬೇಕಾದಷ್ಟಿತ್ತು. ಹೊರಗಿನಿಂದ ಯಾರೋ ನಮಗಾಗಿ ಕಾಯುವ ಒಂದು ಗಂಟೆ ಇಲ್ಲದಿದ್ದರೆ ಉಳಿದ ಗಂಟೆಗಳೂ ಸೋರಿ ಹೋಗುತ್ತವೆ. ಸೋಮಾರಿ ಅಂತ ಇಂಥವರನ್ನು ಬೈಯೋರಿಗೆ ಇದನ್ನೇ ಹೇಳುತ್ತೇನೆ.

ಹೇಳಿದ ಐದು ಜನರಲ್ಲಿ ಒಬ್ಬರ ಮೂಲಕ ಆಫೀಸು ಸಿಕ್ಕಿತು. ಅರ್ಧ ದಿನ, ತಿಂಗಳಿಗೆ 9,000. ತಾಯಿಗೆ ಕೊಡುವ ದುಡ್ಡು ಕಡಿಮೆಯಾಗಿದೆ, ಕಾರ್ಡಿನ ಸಾಲ ಇನ್ನೂ ಇದೆ, ಕಾಯಂ ಕೆಲಸ ಸಿಕ್ಕಿಲ್ಲ. ಹನ್ನೊಂದರ ಚಾ ಆಫೀಸಿನ ಕೆಳಗಿನ ಅಂಗಡಿಯಲ್ಲಿ ಆಗುತ್ತಂತೆ.

ಮೊನ್ನೆ ಮುಂದಿನ ಭೇಟಿಗೆ 18ನೇ ತಾರೀಖು ಕೊಟ್ಟೆ. "20 ಕಳೀಲಿ ಮೇಡಂ, ರಿಟರ್ನ್ ಇವೆ" ಅಂದರು. ಸರಿ, 22ಕ್ಕೆ ಬನ್ನಿ ಅಂದೆ.