ಸಮುದಾಯಕ್ಕೊಂದು ಪಾಠ ಇಟ್ಟರೆ ಸಾಕೆ?

ಕಾರವಾರದಲ್ಲಿ ಎಂ.ಎಸ್ಸಿ. ಮನಃಶಾಸ್ತ್ರದವರಿಗೆ ಬೇರೆ ಬೇರೆ ಸಂಸ್ಕೃತಿಯವರೊಂದಿಗೆ ಕೆಲಸ ಮಾಡುವುದನ್ನು ಕಲಿಸಲು ಹಾಲಕ್ಕಿ, ಸಿದ್ದಿ, ಗೌಳಿ, ನವಾಯತ ಎಂದು ವಾರಕ್ಕೊಂದು ಸಮುದಾಯದ ಪಾಠ ಇಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಸಿದ್ದಿಗಳಲ್ಲೇ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಯಲ್ಲಾಪುರದ ಕಾಡಂಚಿನ ಅಜ್ಜಿಗೂ ಪೇಟೆಯ ಕಾಲೇಜಿಗೆ ಹೋಗುವ ಮೊಮ್ಮಗಳಿಗೂ ಒಂದೇ ಟಿಪ್ಪಣಿ ಹೊಂದುವುದಿಲ್ಲ. ಟಿಪ್ಪಣಿ ಬಾಯಿಪಾಠ ಮಾಡಿದ ವಿದ್ಯಾರ್ಥಿ ಎದುರು ಕೂತವರನ್ನು ಕೇಳುವುದನ್ನೇ ಬಿಡುತ್ತಾನೆ. ಅಮೆರಿಕದ ವೈದ್ಯೆಯರಾದ ಟರ್ವಲಾನ್ ಮತ್ತು ಮರೆ-ಗಾರ್ಸಿಯಾ 1998ರಲ್ಲಿ ‘ಸಾಂಸ್ಕೃತಿಕ ವಿನಯ’ದ, ಅಂದರೆ ಎದುರಿನವರ ಸಂಸ್ಕೃತಿ ನನಗೆ ಗೊತ್ತು ಎಂದುಕೊಳ್ಳದೆ ಅವರಿಂದಲೇ ಕಲಿಯುವ ಗುಣದ, ಮಾತೆತ್ತಿದ್ದೂ ಇದೇ ಚಿಂತೆಯಿಂದ.

ನಾನಾದರೆ ಕೇಳುವುದನ್ನು ಕಲಿಸುತ್ತೇನೆ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಸಾಂಸ್ಕೃತಿಕ ಸಂದರ್ಶನದ 16 ಪ್ರಶ್ನೆಗಳಿವೆ. ಮೊದಲ ಎರಡು ವಾರ ಅವನ್ನು ವಿದ್ಯಾರ್ಥಿಗಳೇ ಮನೆಮಾತಿಗೆ ತರಲಿ. ಎರಡನೇ ಪ್ರಶ್ನೆ ಹೀಗಾಗಬಹುದು: ‘ಇದನ್ನ ಮನೆಯವರ ಹತ್ರ, ಕೇರಿಯವರ ಹತ್ರ ಹೇಗೆ ಹೇಳ್ತೀರಿ?’ ‘ಖಿನ್ನತೆ’ ಪುಸ್ತಕದ ಮಾತು. ಜನ ಹೇಳುವುದು ‘ಬೇಜಾರು’. ಆ ಬೇಜಾರು ದುಃಖವೋ, ಸಿಟ್ಟೋ, ಸುಸ್ತೋ, ಹೊತ್ತು ಹೋಗದಿರುವುದೋ ಎಂದು ಮತ್ತೊಮ್ಮೆ ಕೇಳದಿದ್ದರೆ ರೋಗನಿರ್ಣಯವೇ ದಾರಿ ತಪ್ಪುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ದುಭಾಷಿಯ ಜೊತೆಗಿನ ಅಭ್ಯಾಸಕ್ಕೆ. ಕಾರವಾರದಲ್ಲಿ ಕೊಂಕಣಿ ಬಾರದ ವಿದ್ಯಾರ್ಥಿಗೆ ಇದಿಲ್ಲದೆ ಕೆಲಸ ಸಾಗದು. ಮೂರು ಕುರ್ಚಿಗಳನ್ನು ತ್ರಿಕೋನವಾಗಿ ಇಡಿಸಿ. ಮೊದಲು ಹತ್ತು ನಿಮಿಷ ವಿದ್ಯಾರ್ಥಿ ದುಭಾಷಿಗೆ ಗೋಪ್ಯತೆಯನ್ನೂ ಉದ್ದೇಶವನ್ನೂ ವಿವರಿಸಲಿ. ಮಾತಾಡುವಾಗ ಕಣ್ಣು ದುಭಾಷಿಯ ಮೇಲಲ್ಲ, ಸಹಾಯ ಕೇಳಿ ಬಂದವರ ಮೇಲಿರಲಿ. ಒಮ್ಮೆಗೆ ಒಂದೋ ಎರಡೋ ವಾಕ್ಯ. ದುಭಾಷಿ ‘ಅವರಿಗೆ ನಿದ್ದೆ ಇಲ್ಲವಂತೆ’ ಎನ್ನದೆ ‘ನನಗೆ ನಿದ್ದೆ ಇಲ್ಲ’ ಎಂದೇ ಹೇಳಲಿ. ಐದು ನಿಮಿಷ ಮಾತಾಡಿದ್ದಕ್ಕೆ ‘ಏನಿಲ್ಲವಂತೆ’ ಎಂಬ ಉತ್ತರ ಬಂದರೆ ಅಲ್ಲೇ ನಿಲ್ಲಿಸಿ ಪೂರ್ತಿ ಕೇಳಬೇಕು. ಮಕ್ಕಳನ್ನಂತೂ ದುಭಾಷಿ ಮಾಡಲೇಬೇಡಿ. ತಾಯಿ ತನಗೆ ಸಾಯಬೇಕೆನಿಸುವ ಮಾತನ್ನು ಮಗನ ಬಾಯಲ್ಲಿ ಹೇಳಿಸಿಯಾಳೆ? ಗಂಡ ಅಥವಾ ಅತ್ತೆ ಜೊತೆಗಿದ್ದರೆ ಹೊಡೆತದ ಸಂಗತಿಯೂ ಹೊರಬರದು.

ಇನ್ನೊಂದು ತಪ್ಪು ‘ಮೈಮೇಲೆ ಬರುವುದು’ ಎಂದ ಕೂಡಲೇ ಚಿತ್ತವಿಕಲತೆ (ವಾಸ್ತವದ ಅರಿವು ತಪ್ಪುವ ಕಾಯಿಲೆ, ಸೈಕೋಸಿಸ್) ಎಂದು ಬರೆಯುವುದು. ಊರವರು ಒಪ್ಪಿದ ಆಚರಣೆಯೊಳಗೇ ಆಗುತ್ತದೆಯೇ, ಬೇಡವೆಂದರೂ ಬರುತ್ತದೆಯೇ, ಆಮೇಲೆ ಕೆಲಸ, ಊಟ, ನಿದ್ದೆ ಕೆಡುತ್ತದೆಯೇ ಎಂದು ಮೊದಲು ಕೇಳಲಿ. ಸಂಸ್ಕೃತಿ ಎಂದುಕೊಂಡು ನಿಜವಾದ ಕಾಯಿಲೆಯನ್ನು ಬಿಟ್ಟುಬಿಡುವುದೂ ಅಷ್ಟೇ ಅಪಾಯ.

ಅಂಕಕ್ಕೆ ಪ್ರಬಂಧ ಬರೆಸಬೇಡಿ. ಅಲ್ಲಿ ಎಲ್ಲರೂ ಪೂರ್ವಗ್ರಹ ಇಲ್ಲದವರೇ. ಇಪ್ಪತ್ತು ನಿಮಿಷದ ಅಣಕು ಸಂದರ್ಶನ ಧ್ವನಿಮುದ್ರಿಸಿ, ವಿದ್ಯಾರ್ಥಿ ಎಷ್ಟು ಸಲ ಕೇಳದೆಯೇ ಊಹಿಸಿದ ಎಂದು ಅವನಿಂದಲೇ ಗುರುತು ಹಾಕಿಸಿ.