‘ಮಾಡೆಲ್ ನಂಬರ್ ಬೇರೆ ಸಾರ್!’

ಪ್ರಿಯ ಓದುಗರೇ,

‘ಬೇರೆಲ್ಲಾದರೂ ಕಡಿಮೆ ಬೆಲೆ ತೋರಿಸಿ, ಅದೇ ಬೆಲೆಗೆ ಕೊಡುತ್ತೇವೆ’ ಎಂಬ ಬೋರ್ಡ್ ನಂಬಿ ಟಿವಿ ಕೊಳ್ಳಲು ಹೋದಿರಿ. ಆನ್‌ಲೈನ್ ದರವನ್ನು ಮೊಬೈಲಿನಲ್ಲಿ ತೋರಿಸಿದಿರಿ. ಸೇಲ್ಸ್ ಹುಡುಗ ‘ಮಾಡೆಲ್ ನಂಬರ್ ಬೇರೆ ಸಾರ್’ ಎಂದು ಕೈಚೆಲ್ಲಿದ. ಇದು ಮೋಸವಲ್ಲವೇ, ಆ ಹುಡುಗನ ಮೇಲೆ ದೂರು ಕೊಡಬೇಕೇ ಎಂಬುದು ನಿಮ್ಮ ಪ್ರಶ್ನೆ.

ಹುಡುಗ ಸುಳ್ಳು ಹೇಳಿದಂತೆ ಕಾಣುವುದಿಲ್ಲ. ನೀವೇ ಬರೆದು ಕಳಿಸಿದ ಎರಡು ನಂಬರುಗಳಲ್ಲಿ ಕೊನೆಯ ಎರಡು ಅಕ್ಷರ ಬೇರೆ ಇವೆ. ದೊಡ್ಡ ಮಳಿಗೆಗಳಿಗೆಂದೇ ಕಂಪನಿಗಳು ಪ್ರತ್ಯೇಕ ನಂಬರಿನ ಟಿವಿ, ಲ್ಯಾಪ್‌ಟಾಪ್ ತಯಾರಿಸಿ ಕೊಡುವುದುಂಟು. ಕೆಲವೊಮ್ಮೆ ಸ್ಟ್ಯಾಂಡ್, ರಿಮೋಟ್ ಅಥವಾ ಎಚ್‌ಡಿಎಂಐ ಪೋರ್ಟುಗಳ ಸಂಖ್ಯೆಯಲ್ಲಿ ನಿಜವಾದ ವ್ಯತ್ಯಾಸ ಇರುತ್ತದೆ, ಕೆಲವೊಮ್ಮೆ ಹುಡುಕಿದರೂ ಸಿಗುವುದಿಲ್ಲ. ಆ ನಂಬರಿನ ಮಾಲು ಬೇರೆ ಯಾರಲ್ಲೂ ಇಲ್ಲದ ಮೇಲೆ ಯಾರ ಬೆಲೆಗೆ ಸರಿಗಟ್ಟಬೇಕು? ಬೋರ್ಡ್ ಬರೆಸಿದವರಿಗೆ ಇದು ಚೆನ್ನಾಗಿ ಗೊತ್ತು. ಕಾನೂನಿನ ಮಾತು ಬಿಡಿ, ನನ್ನ ಮಟ್ಟಿಗೆ ಅದು ಅರ್ಧ ಮೋಸವೇ. ಉಳಿದ ಷರತ್ತುಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ಎದುರಾಳಿಯ ಬಳಿ ಸ್ಟಾಕ್ ಇರಬೇಕು, ಜಾಲತಾಣದಲ್ಲಿ ಮೂರನೆಯವರು ಮಾರುವ ಮಾಲು, ಕೆಲವೇ ಗಂಟೆಗಳ ಸೇಲ್, ಕಾರ್ಡ್ ರಿಯಾಯಿತಿ, ಪೆಟ್ಟಿಗೆ ಒಡೆದ ಪೀಸು ಇವೆಲ್ಲ ಲೆಕ್ಕಕ್ಕಿಲ್ಲ.

ಇಂಥ ಭರವಸೆ ಗಿರಾಕಿಗೆ ಲಾಭ ಎಂದೇ ನಾವೆಲ್ಲ ಅಂದುಕೊಂಡಿದ್ದೇವೆ. 1986ರಲ್ಲಿ ಅರ್ಥಶಾಸ್ತ್ರಜ್ಞ ಸ್ಟೀವನ್ ಸಲೋಪ್ ಇದನ್ನು ತಿರುಗಿಸಿ ನೋಡಿದರು. ನಾನು ಬೆಲೆ ಇಳಿಸಿದ ಕೂಡಲೇ ಎದುರಂಗಡಿಯವನೂ ಇಳಿಸುತ್ತಾನೆ ಎಂದು ಬೋರ್ಡೇ ಸಾರುತ್ತಿದ್ದರೆ ನಾನು ಇಳಿಸಿ ಗಳಿಸುವುದೇನು? ಹೀಗೆ ಇಬ್ಬರೂ ಮೇಲಿನ ಬೆಲೆಯಲ್ಲೇ ತಣ್ಣಗೆ ಕೂರಬಹುದು. ಎಲ್ಲ ಕಡೆ ಹಾಗೇ ಆಗುತ್ತದೆ ಎಂದಲ್ಲ. ಆದರೆ ಆ ಬೋರ್ಡನ್ನು ಓದುವವರಲ್ಲಿ ಎದುರಂಗಡಿಯವನೂ ಒಬ್ಬ ಎನ್ನುವುದು ನೆನಪಿರಲಿ.

ಮಾತಿಗೆ ಕಟ್ಟುಬಿದ್ದು ಕಷ್ಟಪಟ್ಟವರೂ ಇದ್ದಾರೆ. ಬ್ರಿಟನ್ನಿನ ಜಾನ್ ಲೂಯಿಸ್ ಮಳಿಗೆ 1925ರಿಂದ ನಡೆಸಿಕೊಂಡು ಬಂದ ಇಂಥದೇ ವಾಗ್ದಾನ ಆನ್‌ಲೈನಿನಲ್ಲಷ್ಟೇ ಮಾರುವವರಿಗೆ ಅನ್ವಯಿಸುತ್ತಿರಲಿಲ್ಲ. 2022ರಲ್ಲಿ ಅದನ್ನು ಕೈಬಿಟ್ಟರು, 2024ರಲ್ಲಿ ಅಮೆಜಾನನ್ನೂ ಸೇರಿಸಿಕೊಂಡು ಮತ್ತೆ ತಂದರು. ಅಮೆರಿಕದ ಬೆಸ್ಟ್ ಬೈ, ಜನ ತನ್ನಲ್ಲಿ ಬಂದು ನೋಡಿ ಮನೆಗೆ ಹೋಗಿ ಆನ್‌ಲೈನ್‌ನಲ್ಲಿ ಕೊಳ್ಳುತ್ತಿದ್ದುದನ್ನು ಕಂಡು 2013ರಲ್ಲಿ ಆನ್‌ಲೈನ್ ದರಕ್ಕೂ ಸರಿಗಟ್ಟತೊಡಗಿತು.

ಇನ್ನು ಸೇವೆಯ ಮಾತು. ಬೆಲೆ ಇಳಿಸಿಕೊಟ್ಟ ಅಂಗಡಿ ಆ ಹಣವನ್ನು ಅಲ್ಲೇ ವಾಪಸ್ ಪಡೆಯಲು ನೋಡುತ್ತದೆ. ಟಿವಿಯಲ್ಲಿ ಸಿಗುವ ಲಾಭ ತೆಳು. ಕೇಬಲ್, ಗೋಡೆಯ ಬ್ರ್ಯಾಕೆಟ್, ಹೆಚ್ಚುವರಿ ವಾರಂಟಿಗಳಲ್ಲಿ ದಪ್ಪ. ಅವನ್ನು ಅಲ್ಲೇ ಒಪ್ಪಿಕೊಳ್ಳಬೇಡಿ. ವಾರಂಟಿ ಸಾಮಾನ್ಯವಾಗಿ ತಯಾರಕರದು, ವಾಪಸಾತಿಯ ನಿಯಮ ಅಂಗಡಿಯದು. ಹಾಗಾಗಿ ಪೆಟ್ಟಿಗೆ ಬಿಚ್ಚಿದಾಗ ಪರದೆ ಬಿರಿದಿದ್ದರೆ ಬದಲಿಸಿಕೊಡುವವರು ಯಾರು, ಎಷ್ಟು ದಿನದೊಳಗೆ, ಕೂರಿಸಲು ಬರುವವರು ಯಾರು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಟ್ಟರೆ ಸ್ವಲ್ಪ ಹೆಚ್ಚು ಕೊಟ್ಟು ಅಲ್ಲೇ ಕೊಳ್ಳಿ ಎನ್ನುವವನು ನಾನು. ಬರೆದುಕೊಡಲು ಹಿಂಜರಿದರೆ ಆನ್‌ಲೈನ್ ದರವೇ ವಾಸಿ, ಮಾರುವವರು ಅಧಿಕೃತ ವಿತರಕರೇ ಎಂದು ಮಾತ್ರ ನೋಡಿಕೊಳ್ಳಿ. ಕೊಂಡ ಮೇಲೂ ಒಂದೆರಡು ವಾರ ದರ ಗಮನಿಸುತ್ತಿರಿ. ಅಷ್ಟರೊಳಗೆ ತಮ್ಮದೇ ಬೆಲೆ ಇಳಿದರೆ ವ್ಯತ್ಯಾಸ ಹಿಂದಿರುಗಿಸುವ ಅಂಗಡಿಗಳಿವೆ, ಆದರೆ ಕೇಳಿದವರಿಗೆ ಮಾತ್ರ.

ದೂರು ಕೊಡಿ, ಮ್ಯಾನೇಜರಿಗೆ ಕೊಡಿ. ಷರತ್ತುಗಳ ಪೂರ್ತಿ ಪಟ್ಟಿಯನ್ನು ಬೋರ್ಡಿನ ಪಕ್ಕದಲ್ಲೇ ಹಾಕಲು ಹೇಳಿ. ಹುಡುಗನ ಹೆಸರನ್ನು ನಿಮ್ಮ ಪತ್ರದಿಂದ ನಾವು ತೆಗೆದಿದ್ದೇವೆ. ಬೋರ್ಡ್ ಬರೆದವನು ಅವನಲ್ಲ.

– ಸಂ.